ಮನೆಯ ನಕ್ಷೆಯಲ್ಲಿ ಕೊಟ್ಟಿಗೆ ಎಲ್ಲಿದೆ?
(ಮನೆ ಕಟ್ಟಲು ಹೊರಟಿರುವ ಹಾಲು ಉತ್ಪಾದಕ ಸದಸ್ಯರಿಗೆ ವಾಸ್ತುಶಿಲ್ಪಿಯೊಬ್ಬರ ಕಿವಿಮಾತು)

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿರುವುದು ಸುಮ್ಮನೆ ಅಲ್ಲ. ಎರಡೂ ಒಬ್ಬ ರೈತನ ಬಾಳಿನಲ್ಲಿ ಸಾಮಾನ್ಯವಾಗಿ ಒಂದೆರಡು ಬಾರಿ ಬರುವ ಕೆಲಸಗಳು. ಹತ್ತು ಹದಿನೈದು ವರ್ಷ ಹಾಲು ಹಾಕಿ, ಬಟವಾಡೆಯ ಹಣದಲ್ಲಿ ಉಳಿಸಿ, ಅದಕ್ಕೆ ಸಾಲವನ್ನೂ ಸೇರಿಸಿ ಕಟ್ಟುವ ಮನೆ ಅದು. ಒಮ್ಮೆ ಗೋಡೆ ಎದ್ದ ಮೇಲೆ ತಪ್ಪು ತಿದ್ದುವುದು ಕಷ್ಟ. ಕಾಗದದ ಮೇಲಾದರೆ ಒಂದು ರಬ್ಬರಿನಿಂದ ತಿದ್ದಬಹುದು. ಆದ್ದರಿಂದ ಪಾಯ ತೆಗೆಯುವ ಮುನ್ನ ಸದಸ್ಯ ಬಾಂಧವರು ಯೋಚಿಸಬೇಕಾದ ಕೆಲವು ವಿಷಯಗಳನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ಹೊಳೆಹೊನ್ನೂರಿನ ಸಮೀಪದ ಹಳ್ಳಿಯೊಂದರಲ್ಲಿ ಒಂದು ಕುಟುಂಬಕ್ಕೆ ಮನೆಯ ನಕ್ಷೆ ಮಾಡಿಕೊಟ್ಟೆ. ಹಜಾರ, ಎರಡು ಮಲಗುವ ಕೋಣೆ, ದೇವರ ಮನೆ, ಒಳಗೇ ಬಚ್ಚಲು, ಮುಂದೆ ಪೋರ್ಟಿಕೊ ಎಲ್ಲವೂ ಇದ್ದವು. ಯಜಮಾನರಿಗೆ ಬಹಳ ಸಂತೋಷವಾಯಿತು. ನಕ್ಷೆ ಬಿಡಿಸಿ ತೋರಿಸುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಅವರ ಮನೆಯವರು, “ಎಲ್ಲಾ ಸರಿ ಸಾರ್, ಇದ್ರಲ್ಲಿ ನಮ್ಮ ದನ ಎಲ್ಲಿ?” ಎಂದು ಕೇಳಿದರು. “ಅದನ್ನು ಆಮೇಲೆ ಹಿಂದೆ ಎಲ್ಲಾದರೂ ಮಾಡಿಕೊಂಡರಾಯಿತಮ್ಮ” ಎಂದೆ. ಮನೆ ಮುಗಿಯಿತು, ಹಣವೂ ಮುಗಿಯಿತು. ಹಿಂದೆ ಉಳಿದಿದ್ದ ಹತ್ತು ಅಡಿ ಜಾಗದಲ್ಲಿ, ಪಡುವಣ ಬಿಸಿಲಿಗೆ ಮೈಯೊಡ್ಡಿದಂತೆ, ತಗಡಿನ ಶೀಟು ಹಾಕಿ ನಾಲ್ಕು ಹಸುಗಳನ್ನು ಕಟ್ಟಿದರು. ಗಂಜಲ ಹರಿದು ಹೋಗಲು ದಾರಿ ಇರಲಿಲ್ಲ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಹಸುಗಳಿಗೆ ಕೆಚ್ಚಲು ಬಾವು ಬಂದು, ಒಂದರ ಎರಡು ಮೊಲೆ ಕೆಟ್ಟುಹೋದವು. ಕೊನೆಗೆ ಎರಡೂ ಹಸುಗಳನ್ನು ಮಾರಿದರು. ಮನೆಯ ಸಾಲದ ಕಂತು ಕಟ್ಟಬೇಕಾಗಿದ್ದುದು ಆ ಹಸುಗಳ ಹಾಲಿನಿಂದಲೇ.

ಆ ತಾಯಿ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಹೈನುಗಾರರ ಮನೆಯಲ್ಲಿ ಕೊಟ್ಟಿಗೆ ಹಿತ್ತಲಿನ ವಿಷಯವಲ್ಲ, ಅದು ಆದಾಯದ ಕೋಣೆ. ಅಂದಿನಿಂದ ನಾನು ನಕ್ಷೆ ಮಾಡುವಾಗ ಕೊಟ್ಟಿಗೆಯಿಂದಲೇ ಆರಂಭಿಸುತ್ತೇನೆ.

ಹಳೆಯ ಮನೆಗಳು ಕಲಿಸುವ ಪಾಠ

ನಮ್ಮ ಜಿಲ್ಲೆಯವರು ಮನೆ ಕಟ್ಟುವ ವಿದ್ಯೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು ಅವರು ಬೆಳೆದ ಮನೆ ಇದೆ. ಈಗ ಅದು ‘ಕವಿಮನೆ’ ಎಂಬ ಸ್ಮಾರಕ. ಹೋಗಿ ಬಂದ ಸದಸ್ಯರು ಬಹಳ ಜನ ಇರಬಹುದು. ಮುಂದಿನ ಸಲ ಹೋದಾಗ ಮನೆ ಕಟ್ಟುವವರ ಕಣ್ಣಿನಿಂದ ಅದನ್ನು ನೋಡಿ. ನಡುವೆ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ, ಮೇಲೆ ಇಳಿಜಾರಾದ ಹೆಂಚಿನ ಮಾಡು. ಸೂರು ಗೋಡೆಗಿಂತ ಬಹಳ ಮುಂದಕ್ಕೆ ಚಾಚಿದೆ, ಎಷ್ಟು ಮಳೆ ಹೊಡೆದರೂ ಗೋಡೆ ನೆನೆಯದಿರಲಿ ಎಂದು. ತೊಟ್ಟಿಯ ಮೂಲಕ ಬೆಳಕು ಬರುತ್ತದೆ, ಬಿಸಿಯಾದ ಗಾಳಿ ಮೇಲೆ ಹೋಗುತ್ತದೆ. ಅಡಿಕೆ, ಭತ್ತ, ಜನ ಎಲ್ಲಕ್ಕೂ ಅದರದರ ಜಾಗವಿದೆ. ಅಲ್ಲಿಯ ಮಳೆಗೆ, ಅಲ್ಲಿಯ ದುಡಿಮೆಗೆ ತಕ್ಕ ಮನೆ ಅದು.

ನಮ್ಮ ಭದ್ರಾ ಬಯಲಿನ ಹಳೆಯ ಮನೆಗಳ ರೀತಿ ಬೇರೆ. ದಪ್ಪ ಮಣ್ಣಿನ ಗೋಡೆ, ಎದುರಿಗೆ ಜಗಲಿ, ಒಳಗೆ ಕಾಲಿಟ್ಟರೆ ತಗ್ಗಿನಲ್ಲಿ ದನ, ಎತ್ತರದ ಪಡಸಾಲೆಯಲ್ಲಿ ಜನ. ಕಳ್ಳರ ಭಯ, ಕಾಡುಪ್ರಾಣಿಗಳ ಭಯ ಇದ್ದ ಕಾಲಕ್ಕೆ ಅದು ಸರಿಯಾಗಿತ್ತು. ರಾತ್ರಿ ಹಸು ಈಯುವ ಸೂಚನೆ ಸಿಕ್ಕರೆ ಎದ್ದು ನೋಡುವುದೂ ಸುಲಭವಾಗಿತ್ತು. ಆದರೆ ಜನ ಮತ್ತು ದನ ಒಂದೇ ಸೂರಿನಡಿ ಇರುವುದರಿಂದ ನೊಣ, ಉಣ್ಣೆ, ವಾಸನೆಯ ಜೊತೆಗೆ ಕಂದು ರೋಗ, ಕ್ಷಯದಂತಹ ರೋಗಗಳು ದನಗಳಿಂದ ಮನುಷ್ಯರಿಗೆ ಹರಡುವ ಅಪಾಯವೂ ಇದೆ ಎಂದು ಈಗ ನಮಗೆ ಗೊತ್ತಿದೆ. ಆದ್ದರಿಂದ ಹಳೆಯದರಲ್ಲಿ ಒಳ್ಳೆಯದನ್ನು ಇಟ್ಟುಕೊಂಡು, ಕೊಟ್ಟಿಗೆಯನ್ನು ಮಾತ್ರ ಮನೆಯಿಂದ ಬಿಡಿಸಬೇಕು.

ಬೇಸರದ ಸಂಗತಿಯೆಂದರೆ ಇಂದು ನಾವು ಕುಪ್ಪಳಿಯಂತೆಯೂ ಕಟ್ಟುತ್ತಿಲ್ಲ, ನಮ್ಮ ಅಜ್ಜನ ಮನೆಯಂತೆಯೂ ಕಟ್ಟುತ್ತಿಲ್ಲ. ಪಟ್ಟಣದ 30×40 ಅಡಿ ನಿವೇಶನಕ್ಕೆ ಮಾಡಿದ ನಕ್ಷೆಯನ್ನೇ ಹಳ್ಳಿಗೆ ತಂದು ನಿಲ್ಲಿಸುತ್ತಿದ್ದೇವೆ. ಪಟ್ಟಣದ ಆ ಮನೆಯಲ್ಲಿ ಹಸುವೂ ಇಲ್ಲ, ಹುಲ್ಲಿನ ಬಣವೆಯೂ ಇಲ್ಲ, ಹಾಲಿನ ಕ್ಯಾನು ತೊಳೆಯುವವರೂ ಇಲ್ಲ.

ಬಿಸಿಲು, ಗಾಳಿ, ಮಳೆ ನೋಡಿ ಕಟ್ಟಿ

ಆಯ, ವಾಸ್ತು ನೋಡುವ ಪದ್ಧತಿ ನಮ್ಮಲ್ಲಿ ಇದೆ. ನಂಬಿಕೆ ಇರುವವರು ನೋಡಿಸಲಿ. ಅದರೊಂದಿಗೆ ಸೂರ್ಯ ಮತ್ತು ಗಾಳಿಯನ್ನೂ ಮರೆಯದೆ ಕೇಳಬೇಕು.

ನಮ್ಮ ಪ್ರದೇಶ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ದಿನಗಳಲ್ಲಿ ದಕ್ಷಿಣಕ್ಕಿರುತ್ತಾನೆ. ನಡುಹಗಲ ಬಿಸಿಲು ಎತ್ತರದಿಂದ ಬೀಳುವುದರಿಂದ ದಕ್ಷಿಣ, ಉತ್ತರದ ಕಿಟಕಿಗಳಿಗೆ ಎರಡು ಅಡಿಯ ಸಜ್ಜಾ ಸಾಕು. ಆದರೆ ಮಧ್ಯಾಹ್ನ ಮೂರರ ನಂತರ ಪಡುವಣದಿಂದ ಓರೆಯಾಗಿ ಬರುವ ಬಿಸಿಲನ್ನು ಯಾವ ಸಜ್ಜಾವೂ ತಡೆಯದು. ಆ ಗೋಡೆ ಸಂಜೆಯವರೆಗೆ ಕಾದು, ರಾತ್ರಿಯೆಲ್ಲ ಒಳಗೆ ಬಿಸಿ ಬಿಡುತ್ತದೆ. ಆದ್ದರಿಂದ ಪಡುವಣ ಗೋಡೆಯ ಬದಿಗೆ ಮಲಗುವ ಕೋಣೆ ಬೇಡ. ಉಗ್ರಾಣ, ಬಚ್ಚಲು, ಮೆಟ್ಟಿಲು ಅಲ್ಲಿಗೆ ಬರಲಿ. ಹೊರಗೆ ಎರಡು ಬೇವು ಅಥವಾ ಹೊಂಗೆಯ ಗಿಡ ಬೆಳೆಸಿದರೆ ಇನ್ನೂ ಒಳ್ಳೆಯದು.

ಮುಂಗಾರಿನ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಕೊಟ್ಟಿಗೆಯ ವಾಸನೆ, ನೊಣದ ಕಾಟ ಹೆಚ್ಚಾಗುವುದೂ ಆ ತಿಂಗಳುಗಳಲ್ಲೇ. ಆದ್ದರಿಂದ ಕೊಟ್ಟಿಗೆ ಮನೆಯ ಪೂರ್ವ ಅಥವಾ ಈಶಾನ್ಯದ ಕಡೆ ಇದ್ದರೆ ಗಾಳಿ ವಾಸನೆಯನ್ನು ಮನೆಯಿಂದ ಆಚೆಗೆ ಒಯ್ಯುತ್ತದೆ. ಪಶ್ಚಿಮದ ಕಡೆ ಇದ್ದರೆ ಅದೇ ಗಾಳಿ ನೇರವಾಗಿ ಅಡುಗೆ ಮನೆಗೆ ತರುತ್ತದೆ. ನಿವೇಶನದ ಆಕಾರದಿಂದ ಹೀಗೆ ಮಾಡಲಾಗದಿದ್ದರೆ ನಡುವೆ ಅಂಗಳ ಬಿಟ್ಟು, ಬಾಳೆ, ನುಗ್ಗೆಯ ಸಾಲು ಬೆಳೆಸಿರಿ.

ನಿವೇಶನ ಆರಿಸುವಾಗ ಊರಿನ ಹಿರಿಯರನ್ನು ಒಂದು ಮಾತು ಕೇಳಿ: “ಹೊಳೆ ಎಷ್ಟು ಮೇಲೆ ಬಂದಿತ್ತು?” ನಮ್ಮದು ಭದ್ರೆಯ ದಂಡೆಯ ನಾಡು. ಸ್ವಲ್ಪ ಮುಂದೆ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ನಾಲೆಯ ಕೆಳಗಿನ ಗದ್ದೆ ಜಾಗದಲ್ಲಿ ವರ್ಷದ ಬಹುಪಾಲು ತೇವ ಇರುತ್ತದೆ. ಜನರಿಗೆ ಎತ್ತರದ ಜಾಗ ಬೇಕು, ದನಗಳಿಗೂ ಅಷ್ಟೇ ಎತ್ತರ ಬೇಕು.

ಪಾಯ ಮತ್ತು ಮಣ್ಣು

ನಮ್ಮ ಕಡೆ ಒಂದೇ ಊರಿನಲ್ಲಿ ಕೆಂಪು ಮಣ್ಣೂ ಉಂಟು, ಎರೆ ಮಣ್ಣೂ ಉಂಟು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಎರಡು ಅಡಿಯ ಪಾಯ ಹಾಕಿದರೆ ಗೋಡೆ ಸೀಳುವುದು ಖಂಡಿತ. ಬೇಸಿಗೆಯಲ್ಲಿ ಬಿರುಕಿನೊಳಗೆ ಒಂದು ಉದ್ದನೆಯ ಕಡ್ಡಿ ಇಳಿಸಿ ನೋಡಿ. ಅದು ಎಷ್ಟು ಆಳಕ್ಕೆ ಹೋಗುತ್ತದೋ ಅದಕ್ಕಿಂತ ಕೆಳಗೆ ಪಾಯ ಹೋಗಬೇಕು. ಪಾಯದ ತಳಕ್ಕೆ ಮರಳು ಅಥವಾ ಗಟ್ಟಿ ಗ್ರಾವೆಲ್ ತುಂಬಿಸಿ, ನೆಲಮಟ್ಟದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಹಾಕಿಸುವುದು ಕ್ಷೇಮ. ಮನೆಯ ಸುತ್ತ ಮಳೆನೀರು ನಿಲ್ಲದಂತೆ ಇಳಿಜಾರು ಮಾಡಿ. ಎರೆ ಮಣ್ಣಿನ ಜಾಗದಲ್ಲಿ ಪಾಯದ ಆಳವನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಒಬ್ಬ ಎಂಜಿನಿಯರ್‌ಗೆ ತೋರಿಸಿರಿ.

ಕಡಿಮೆ ಖರ್ಚಿನಲ್ಲಿ ಗಟ್ಟಿ ಮನೆ

ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಅವರು ಬಡವರಿಗೂ ಒಗ್ಗುವ ಮನೆಗಳನ್ನು ಕಟ್ಟಿ ಹೆಸರಾದವರು. ಭಾರತ ಸರ್ಕಾರ ಅವರಿಗೆ 1990ರಲ್ಲಿ ಪದ್ಮಶ್ರೀ ನೀಡಿತು. ಹತ್ತಿರದಲ್ಲೇ ಸಿಗುವ ಸಾಮಗ್ರಿ ಬಳಸುವುದು, ಬೇಡದ್ದನ್ನು ಬಿಡುವುದು ಅವರ ದಾರಿ. ಇಟ್ಟಿಗೆಯನ್ನು ಮಲಗಿಸುವ ಬದಲು ಬದಿಯ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನು ಅವರು ಪ್ರಚಾರಕ್ಕೆ ತಂದರು. ಇದನ್ನು ಇಲಿಬೋನಿನ ಕಟ್ಟು ಎನ್ನುತ್ತಾರೆ. 9 ಅಂಗುಲದ ಗೋಡೆಯಲ್ಲಿ ಇದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನಲ್ಲಿರುವ ಗಾಳಿ ಬಿಸಿಲನ್ನೂ ತಡೆಯುತ್ತದೆ. ತಾರಸಿ ಹಾಕುವಾಗ ಕಬ್ಬಿಣದ ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಕಾಂಕ್ರೀಟ್ ಉಳಿಸುವ ಕ್ರಮವನ್ನೂ ಅವರು ಬಳಸಿದರು. ಹಳೆಯ ಮನೆ ಬಿಚ್ಚುವ ಸದಸ್ಯರು ಹೆಂಚನ್ನು ಅಗ್ಗಕ್ಕೆ ಮಾರಿಬಿಡುವ ಮುನ್ನ ಇದನ್ನು ಯೋಚಿಸಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಉಪಯೋಗವಾಗುವ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಅಲ್ಲಿಂದ ಬಂದ ಹೊಗೆರಹಿತ ‘ಅಸ್ತ್ರ ಒಲೆ’ ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ಸಂಸ್ಥೆಯವರು ಸ್ಥಳದ ಮಣ್ಣಿಗೆ ಶೇಕಡ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಬ್ಲಾಕುಗಳನ್ನೂ ರೂಪಿಸಿದರು. ಇವನ್ನು ಸುಡಬೇಕಾಗಿಲ್ಲ, ಹೀಗಾಗಿ ಸೌದೆ ಬೇಡ. ಮರಳು ಹೆಚ್ಚಿರುವ ಕೆಂಪು ಮಣ್ಣು ಇದಕ್ಕೆ ಒಳ್ಳೆಯದು. ಎರೆ ಮಣ್ಣು ಹಾಗೇ ಬಳಸಲು ಬರುವುದಿಲ್ಲ. ಬ್ಲಾಕುಗಳನ್ನು ಒತ್ತಿದ ಮೇಲೆ ನೆರಳಿನಲ್ಲಿಟ್ಟು ಮೂರು ವಾರ ನೀರು ಚಿಮುಕಿಸುವುದನ್ನು ತಪ್ಪಿಸಬಾರದು.

ಖರ್ಚು ಮಾಡಬೇಕಾದ ಕಡೆ ಕೈ ಹಿಡಿಯಬೇಡಿ. ಪಾಯ, ಮಾಡು, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ, ಈ ನಾಲ್ಕರಲ್ಲಿ ಉಳಿತಾಯ ಮಾಡಿದರೆ ಮುಂದೆ ದುಬಾರಿಯಾಗುತ್ತದೆ. ಟೈಲ್ಸ್, ಬಣ್ಣ, ಪೋರ್ಟಿಕೊ, ಕೆತ್ತನೆಯ ಬಾಗಿಲು ಮುಂದಿನ ವರ್ಷಗಳಿಗೆ ಕಾಯಬಹುದು. ತಾರಸಿಗೆ ಕನಿಷ್ಠ 14 ದಿನ ನೀರು ಕಟ್ಟಿ ನಿಲ್ಲಿಸಿ. ಇದಕ್ಕೆ ಖರ್ಚು ಏನೂ ಇಲ್ಲ, ಆದರೆ ತಾರಸಿಯ ಗಟ್ಟಿತನ ಇದರಲ್ಲೇ ಇದೆ.

ಕೊಟ್ಟಿಗೆಯ ಲೆಕ್ಕಾಚಾರ

ಈಗ ಆದಾಯದ ಕೋಣೆಗೆ ಬರೋಣ. ಒಂದು ಮಿಶ್ರತಳಿ ಹಸುವಿಗೆ ಸೂರಿನಡಿ ಸುಮಾರು 38 ಚದರ ಅಡಿ (3.5 ಚದರ ಮೀಟರ್), ಓಡಾಡಲು ಬಯಲಿನಲ್ಲಿ ಅದರ ಎರಡರಷ್ಟು ಜಾಗ ಬೇಕು. ಎಮ್ಮೆಗೆ ಇನ್ನೂ ಸ್ವಲ್ಪ ಹೆಚ್ಚು.

ನಾಲ್ಕು ಹಸುಗಳನ್ನು ಒಂದೇ ಸಾಲಿನಲ್ಲಿ ಕಟ್ಟುವುದಾದರೆ ಲೆಕ್ಕ ಹೀಗೆ. ಅಗಲದಲ್ಲಿ ಹಸುವಿಗೆ 4 ಅಡಿಯಂತೆ 16 ಅಡಿ. ಆಳದಲ್ಲಿ ಮೇವು ಹಾಕುವ ದಾರಿ 3 ಅಡಿ, ಗೋದಲಿ ಎರಡೂವರೆ ಅಡಿ, ಹಸು ನಿಲ್ಲುವ ಜಾಗ ಐದೂವರೆ ಅಡಿ, ಗಂಜಲದ ಚರಂಡಿ 1 ಅಡಿ, ಹಿಂದೆ ಓಡಾಡುವ ದಾರಿ 4 ಅಡಿ, ಒಟ್ಟು 16 ಅಡಿ. ಪಕ್ಕದಲ್ಲಿ ಕರುಗಳಿಗೆ ಮತ್ತು ಪಶು ಆಹಾರದ ಚೀಲಗಳಿಗೆ 8 ಅಡಿ ಸೇರಿಸಿದರೆ 24×16 ಅಡಿಯ ಕೊಟ್ಟಿಗೆ ಆಗುತ್ತದೆ. ಮುಂದೆ ಎರಡು ಹಸು ಹೆಚ್ಚಾದರೆ ಬೆಳೆಸಲು ಒಂದು ತುದಿಯಲ್ಲಿ ಜಾಗ ಬಿಟ್ಟಿರಿ.

ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿ ಇರಲಿ. ಗೋಡೆ ನಾಲ್ಕೈದು ಅಡಿ ಸಾಕು, ಮೇಲೆ ಗಾಳಿಗೆ ಬಿಡಿ. ಮಳೆ ಹೊಡೆಯುವ ದಿಕ್ಕಿಗೆ ಮಾತ್ರ ಸೂರನ್ನು ಮುಂದಕ್ಕೆ ಚಾಚಿಸಿ, ಮಳೆಗಾಲದಲ್ಲಿ ಗೋಣಿ ಪರದೆ ಇಳಿಬಿಡಿ. ಸೂರು ಅಂಚಿನಲ್ಲಿ ಎಂಟು ಅಡಿ, ನಡುವೆ ಹನ್ನೆರಡು ಅಡಿ ಎತ್ತರ ಇದ್ದರೆ ಬಿಸಿ ಗಾಳಿ ಹಸುವಿನ ಬೆನ್ನಿಗೆ ತಾಗುವುದಿಲ್ಲ. ಹೆಂಚು ಎಲ್ಲಕ್ಕಿಂತ ಉತ್ತಮ. ತಗಡಿನ ಶೀಟು ಹಾಕಿದ್ದರೆ ಬೇಸಿಗೆಯಲ್ಲಿ ಅದರ ಮೇಲೆ ಅಡಿಕೆ ಸೋಗೆ ಅಥವಾ ಹುಲ್ಲು ಹೊದಿಸಿರಿ. ಮಿಶ್ರತಳಿ ಹಸು ಸೆಖೆಯನ್ನು ತಡೆಯುವುದಿಲ್ಲ. ಸೆಖೆಯಾದಾಗ ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಯುತ್ತದೆ, ಬೆದೆಗೆ ಬರುವುದೂ ತಡವಾಗುತ್ತದೆ.

ನೆಲಕ್ಕೆ ನುಣುಪಾದ ಗಾರೆ ಬೇಡ, ಹಸು ಜಾರಿ ಬೀಳುತ್ತದೆ. ಒರಟು ಕಾಂಕ್ರೀಟು ಹಾಕಿ, ಗೆರೆ ಎಳೆಸಿ. ಹಸು ನಿಲ್ಲುವ ಐದೂವರೆ ಅಡಿಯಲ್ಲಿ ಚರಂಡಿಯ ಕಡೆಗೆ ಒಂದೂವರೆ ಅಂಗುಲ ಇಳಿಜಾರು ಇದ್ದರೆ ಗಂಜಲ ನಿಲ್ಲುವುದಿಲ್ಲ. ನಾನು ಮೊದಲು ಹೇಳಿದ ಮನೆಯಲ್ಲಿ ಇಲ್ಲದೆ ಹೋದದ್ದು ಈ ಒಂದೂವರೆ ಅಂಗುಲವೇ. ಹಸು ಗಂಜಲದಲ್ಲಿ ಮಲಗಿದರೆ ಕೆಚ್ಚಲಿಗೆ ರೋಗಾಣು ತಗಲುತ್ತದೆ, ಹಾಲಿನ ಗುಣಮಟ್ಟವೂ ಕೆಡುತ್ತದೆ.

ಹೆಜ್ಜೆಗಳನ್ನು ಎಣಿಸಿ

ನಕ್ಷೆ ಮಾಡುವ ಮುನ್ನ ಮನೆಯ ಹೆಂಗಸರನ್ನು ಕೂರಿಸಿಕೊಂಡು, ಬೆಳಗಿನ ಜಾವದಿಂದ ರಾತ್ರಿಯವರೆಗೆ ಅವರು ಎಲ್ಲಿಂದ ಎಲ್ಲಿಗೆ ಎಷ್ಟು ಸಲ ಓಡಾಡುತ್ತಾರೆಂದು ಕೇಳಿ ಬರೆದುಕೊಳ್ಳಿ. ಹೈನುಗಾರಿಕೆಯ ಕೆಲಸದಲ್ಲಿ ಹೆಚ್ಚಿನದು ಅವರದೇ. ಅಡುಗೆ ಮನೆಯಿಂದ ಕೊಟ್ಟಿಗೆಗೆ 60 ಅಡಿ ಇದ್ದು, ದಿನಕ್ಕೆ ಹತ್ತು ಬಾರಿ ಹೋಗಿಬಂದರೆ 1,200 ಅಡಿ. ವರ್ಷಕ್ಕೆ ಅದು ಸುಮಾರು 133 ಕಿಲೋಮೀಟರ್ ಆಗುತ್ತದೆ, ಅದೂ ಬಕೆಟ್ಟು, ಹುಲ್ಲಿನ ಹೊರೆ ಹಿಡಿದುಕೊಂಡು. ದೂರ 30 ಅಡಿಯಾದರೆ ನಡಿಗೆ ಅರ್ಧವಾಗುತ್ತದೆ. ಇನ್ನೂ ಹತ್ತಿರವಾದರೆ ನೊಣ, ವಾಸನೆಯ ತೊಂದರೆ. 25ರಿಂದ 30 ಅಡಿ ಅಂಗಳ, ನಡುವೆ ಕೆಸರಾಗದ ಕಲ್ಲು ಹಾಸಿದ ದಾರಿ, ಅದಕ್ಕೊಂದು ದೀಪ ಇದ್ದರೆ ಅನುಕೂಲ.

ಮನೆಯ ಹಿಂಬದಿಯ ಜಗಲಿಯಲ್ಲಿ ಹಾಲಿನ ಕ್ಯಾನು, ಪಾತ್ರೆ ತೊಳೆಯಲು ಎತ್ತರದ ಕಟ್ಟೆ, ನಲ್ಲಿ, ಬಿಸಿಲು ಬೀಳುವ ಕಡೆ ಬೋರಲು ಹಾಕಲು ಚೌಕಟ್ಟು ಇರಲಿ. ಬಚ್ಚಲ ಒಲೆಯ ಬಿಸಿನೀರು ಅಲ್ಲೇ ಕೈಗೆ ಸಿಗುವಂತಿದ್ದರೆ ಪಾತ್ರೆ ಶುಚಿಯಾಗುತ್ತದೆ. ಶುಚಿಯಾದ ಪಾತ್ರೆಯ ಹಾಲು ಸಂಘದಲ್ಲಿ ಒಡೆದುಹೋಗುವ ಭಯ ಕಡಿಮೆ. ಕೊಟ್ಟಿಗೆಯ ಕೆಲಸದ ಬಟ್ಟೆ ಬದಲಿಸಿ, ಕೈಕಾಲು ತೊಳೆದೇ ಒಳಗೆ ಬರುವಂತೆ ಬಚ್ಚಲಿಗೆ ಹೊರಗಿನಿಂದಲೂ ಒಂದು ಬಾಗಿಲು ಇಡಿಸಿರಿ.

ಸಗಣಿ, ನೀರು, ಬಣವೆ

ನಾಲ್ಕು ಹಸುಗಳ ಸಗಣಿ ದಿನಕ್ಕೆ ಸುಮಾರು 50 ಕಿಲೋ ಬರುತ್ತದೆ. 2 ಘನಮೀಟರ್ ಗಾತ್ರದ ಗೋಬರ್ ಗ್ಯಾಸ್ ಸ್ಥಾವರಕ್ಕೆ ಬೇಕಾಗುವುದೂ ಅಷ್ಟೇ. ಐದಾರು ಜನರ ಅಡುಗೆ ಅದರಲ್ಲಿ ನಡೆಯುತ್ತದೆ. ಸ್ಥಾವರ ಕೊಟ್ಟಿಗೆಗೂ ಅಡುಗೆ ಮನೆಗೂ ಹತ್ತಿರ, ಬಿಸಿಲು ಬೀಳುವ ಜಾಗದಲ್ಲಿ, ಕುಡಿಯುವ ನೀರಿನ ಬಾವಿಯಿಂದ 50 ಅಡಿಯಾದರೂ ದೂರ ಇರಬೇಕು. ಶೌಚಾಲಯದ ಗುಂಡಿಗೂ ಇದೇ ದೂರ ಇಟ್ಟುಕೊಳ್ಳಿ. ತಿಪ್ಪೆಯನ್ನು ಬಾವಿಗಿಂತ ತಗ್ಗಿನ ಕಡೆಗೆ ಹಾಕಿರಿ.

ಹಾಲು ಕೊಡುವ ಹಸು ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ತೊಳೆಯುವ ನೀರೂ ಸೇರಿದರೆ ನಾಲ್ಕು ಹಸುಗಳಿಗೆ 400 ಲೀಟರ್ ಬೇಕಾದೀತು. 1,000 ಚದರ ಅಡಿಯ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು ಹರಿಯುತ್ತದೆ. ಅದನ್ನು ತೊಟ್ಟಿಗೆ ತಿರುಗಿಸಿಕೊಂಡರೆ ಕೊಟ್ಟಿಗೆ ತೊಳೆಯುವ ನೀರಿಗೆ ಮೋಟರಿನ ಕರೆಂಟು ಉಳಿಯುತ್ತದೆ. ಹುಲ್ಲಿನ ಬಣವೆಯನ್ನು ಮಾತ್ರ ಮನೆ, ಕೊಟ್ಟಿಗೆ ಮತ್ತು ವಿದ್ಯುತ್ ತಂತಿಗಳಿಂದ ದೂರವೇ ಇಡಿ. ಒಂದು ಕಿಡಿಗೆ ವರ್ಷದ ಮೇವು ಹೋಗುತ್ತದೆ.

ಹಂತ ಹಂತವಾಗಿ ಕಟ್ಟಿ

ಪೂರ್ತಿ ನಕ್ಷೆಯನ್ನು ಒಂದೇ ಸಲ ಮಾಡಿಸಿ, ಕಟ್ಟುವುದನ್ನು ಕೈಲಾದಂತೆ ಮಾಡಿ. ಮೊದಲು ನೀರಿನ ವ್ಯವಸ್ಥೆ ಮತ್ತು ಕೊಟ್ಟಿಗೆ. ನಂತರ ಅಡುಗೆ ಮನೆ, ಬಚ್ಚಲು, ಹಜಾರ, ಒಂದು ಕೋಣೆ. ಉಳಿದ ಕೋಣೆಗಳು ಆಮೇಲೆ. ಹೊಸ ಕೊಟ್ಟಿಗೆ ಮುಗಿದ ಮೇಲೆಯೇ ಹಳೆಯದನ್ನು ಕೆಡವಿ. ಇಲ್ಲದಿದ್ದರೆ ಒಂದು ಮಳೆಗಾಲ ದನಗಳು ಮರದಡಿ ಕಳೆಯಬೇಕಾಗುತ್ತದೆ, ಅದರ ನಷ್ಟ ಬಟವಾಡೆಯ ಚೀಟಿಯಲ್ಲಿ ಕಾಣುತ್ತದೆ. ಸಾಲದ ಕಂತನ್ನು ಲೆಕ್ಕ ಹಾಕುವಾಗ ಎಲ್ಲ ಹಸುಗಳೂ ಹಾಲು ಕೊಡುವ ತಿಂಗಳನ್ನು ಹಿಡಿಯಬೇಡಿ. ಒಂದೆರಡು ಬತ್ತಿಸಿದ ತಿಂಗಳಿನ ಆದಾಯವನ್ನು ಹಿಡಿದು ಕಂತು ನಿಗದಿ ಮಾಡಿಕೊಳ್ಳಿ. ಮನೆಗಾಗಿ ಕರೆಯುವ ಹಸುವನ್ನು ಮಾರಬೇಡಿ.

ನಾನು ಮೊದಲು ಹೇಳಿದ ಕುಟುಂಬದವರು ಮೂರು ವರ್ಷಗಳ ನಂತರ ಮತ್ತೆ ನನ್ನನ್ನು ಕರೆಸಿದರು. ಈ ಸಲ ನಕ್ಷೆಗೆ ಮೊದಲು ಆ ತಾಯಿಯ ಜೊತೆ ಹಿತ್ತಲಿನಲ್ಲಿ ಓಡಾಡಿದೆ. ಎಲ್ಲಿ ಬಿಸಿಲು, ಎಲ್ಲಿ ಗಾಳಿ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ನನಗಿಂತ ಅವರೇ ಚೆನ್ನಾಗಿ ಬಲ್ಲವರಾಗಿದ್ದರು. ಪಕ್ಕದ ಕಣದ ಜಾಗದಲ್ಲಿ ಕೊಟ್ಟಿಗೆ ಎದ್ದಿತು. ಪೋರ್ಟಿಕೊದಲ್ಲಿ ನಿಲ್ಲಿಸಲು ಅವರಲ್ಲಿ ಕಾರು ಇರಲಿಲ್ಲ. ಈಗ ಅಲ್ಲಿ ಪಶು ಆಹಾರದ ಚೀಲಗಳಿವೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ನಕ್ಷೆಯಲ್ಲಿ ಮೊದಲು ಕೊಟ್ಟಿಗೆ, ನೀರು, ತಿಪ್ಪೆ, ಬಣವೆಯ ಜಾಗ ಗುರುತಿಸಿ.
2. ಕೊಟ್ಟಿಗೆ ಮನೆಯ ಪೂರ್ವ ಅಥವಾ ಈಶಾನ್ಯಕ್ಕೆ, 25–30 ಅಡಿ ದೂರದಲ್ಲಿರಲಿ.
3. ಎರೆ ಮಣ್ಣಿನಲ್ಲಿ ಬಿರುಕಿನ ಆಳಕ್ಕಿಂತ ಕೆಳಗೆ ಪಾಯ ಹಾಕಿಸಿ.
4. ಕೊಟ್ಟಿಗೆಯ ನೆಲ ಒರಟಾಗಿರಲಿ, ಚರಂಡಿಯ ಕಡೆಗೆ ಇಳಿಜಾರಾಗಿರಲಿ.
5. ಬಾವಿಗೂ ಗುಂಡಿಗಳಿಗೂ ನಡುವೆ 50 ಅಡಿ ಅಂತರವಿರಲಿ.
6. ಮನೆಯ ಹೆಂಗಸರ ಅಭಿಪ್ರಾಯ ಕೇಳದೆ ನಕ್ಷೆಗೆ ಒಪ್ಪಿಗೆ ಕೊಡಬೇಡಿ.
7. ಕಟ್ಟುವ ಮುನ್ನ ಪಂಚಾಯಿತಿಯ ಪರವಾನಗಿ ಪಡೆಯಿರಿ. ಕೊಟ್ಟಿಗೆ, ಗೋಬರ್ ಗ್ಯಾಸ್, ಶೌಚಾಲಯಕ್ಕೆ ಆ ವರ್ಷ ಯಾವ ನೆರವು ದೊರೆಯುತ್ತದೆ ಎಂಬುದನ್ನೂ ಅಲ್ಲೇ ವಿಚಾರಿಸಿರಿ.